ಮೂರನೆಯ ಒಲೆಗುಂಡು

ಆ ಬೆಳಗ್ಗೆ ಹುಲ್ಲಿನ ಮೇಲೆ ವರ್ಷದ ಮೊದಲ ಹಿಮ ಕೂತಿತ್ತು. ಬಿದ್ದದ್ದಲ್ಲ, ಕೂತದ್ದು. ಯಾರಿಗೂ ಹೇಳದೆ ಬಂದು, ಎಸಳೆಸಳಿನ ಮೇಲೆ ಉಪ್ಪಿನ ಹಾಗೆ ಕೂತು, ಬಿಸಿಲು ಬರಲಿ, ಎದ್ದು ಹೋಗುತ್ತೇನೆ ಎನ್ನುವಂತಿತ್ತು. ಗಾಳಿ ಇರಲಿಲ್ಲ. ಆ ಬಯಲಿನಲ್ಲಿ ಗಾಳಿ ಇಲ್ಲದ ಬೆಳಗೆಂದರೆ ವಟಗುಟ್ಟುವ ಮಗು ಇದ್ದಕ್ಕಿದ್ದಂತೆ ಸುಮ್ಮನಾದ ಹಾಗೆ. ಮನೆಯವರು ಒಮ್ಮೆ ತಿರುಗಿ ನೋಡಲೇಬೇಕು.

ಉರ್ನಾ ಡೇರೆಯ ಬಾಗಿಲಲ್ಲಿ ಕೂತು ಬೂಟು ಹಾಕಿಕೊಳ್ಳುತ್ತಿದ್ದಳು. ಒಂದು ಕಾಲಿಗೆ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಹಾಗೇ ಉಳಿದಳು. ನೆಲ ಅಗೆದು ಹಳೆಯ ಊರುಗಳನ್ನು ಹುಡುಕುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ತನಗೆ ಮೊಣಕಾಲೆಂಬುದು ಇದೆಯೆಂದೇ ಅವಳಿಗೆ ಗೊತ್ತಿರಲಿಲ್ಲ. ನಲವತ್ತು ದಾಟಿದ ಮೇಲೆ ಅವು ದಿನವೂ ಹಾಜರಿ ಹೇಳುತ್ತಿದ್ದವು.

ಹಿಮ ಕೂತಿತೆಂದರೆ ನೆಲ ಬಿಗಿಯಲು ಶುರುವಾಯಿತು, ಕೆಲಸ ಮುಗಿಯಿತು. ಈ ಸಲ ಮುಗಿದರೆ ಪೂರ್ತಿ ಮುಗಿದ ಹಾಗೆಯೇ. ಮುಂದಿನ ಬೇಸಿಗೆಗೆ ಇಲ್ಲಿ ಅಗೆತವಿಲ್ಲ. ಹಳೆಯ ಊರಿನ ಮಣ್ಣುಗೋಡೆಯ ಸುತ್ತ ಬೇಲಿ ಬರುತ್ತದೆ. ಕುರಿಗಳು ಮೈ ಉಜ್ಜಿ ಗೋಡೆ ಸವೆಯುತ್ತಿದೆ, ಬೇಲಿ ಬೇಕು ಎಂದು ಪಟ್ಟಣದ ಅಧಿಕಾರಿಗಳಿಗೆ ಹೇಳಿದವಳು ಅವಳೇ.

ಗೊರಸಿನ ಸದ್ದು ಕೇಳಿತು. ಉರ್ನಾ ಇನ್ನೊಂದು ಬೂಟನ್ನು ಬೇಗನೆ ಹಾಕಿಕೊಂಡಳು.

ಯೊಂದೊನ್ ದಿನವೂ ಈ ಹೊತ್ತಿಗೆ ಹಾಲು ತರುತ್ತಿದ್ದ. ಗೋಡೆಯ ಬೆನ್ನಿಗೆ ಆತುಕೊಂಡಿದ್ದ ಚಳಿಗಾಲದ ಬೀಡು ಅವನದು. ಅವನ ತಂದೆಯದು, ತಂದೆಯ ತಂದೆಯದು. ಕುದುರೆಯಿಂದಿಳಿದು, ಬಲಗೈಯಲ್ಲಿ ಅಗಲ ಬಾಯಿಯ ದೊಡ್ಡ ತಂಬಿಗೆ ಹಿಡಿದು, ಎಡಗೈಯನ್ನು ಬಲ ಮೊಣಕೈಗೆ ಆಸರೆ ಕೊಟ್ಟು, ದೊಡ್ಡವರಿಗೆ ಕೊಡುವ ಹಾಗೆ ಕೊಡುತ್ತಿದ್ದ. ಕೊಡುವಾಗ ಅವಳ ಮುಖ ನೋಡುತ್ತಿರಲಿಲ್ಲ, ಹಾಲನ್ನೇ ನೋಡುತ್ತಿದ್ದ. ಅವಳು ಬೆನ್ನು ತಿರುಗಿಸಿದ ಮೇಲೆ ಅವಳನ್ನು ನೋಡುತ್ತಿದ್ದ. ಇದು ಅವಳಿಗೆ ಬೆನ್ನಿನಿಂದಲೇ ಗೊತ್ತಾಗುತ್ತಿತ್ತು.

ವ್ಯಾನಿನ ಕೆಳಗೆ ಮಲಗಿ ಏನನ್ನೋ ಬಿಗಿಯುತ್ತಿದ್ದ ಡ್ರೈವರ್ ಚೋಯ್ಗ್‌ದೊನ್ ಅಲ್ಲಿಂದಲೇ ದನಿ ತೆಗೆದ. "ಅಣ್ಣ, ಕುದುರೆಗೆ ದಾರಿ ಬಾಯಿಪಾಠ ಆಗಿದೆ. ನೀವು ಮನೇಲಿ ಮಲಗಿದ್ರೂ ಅದೇ ಹಾಲು ತಂದು ಕೊಡುತ್ತೆ."

"ತರುತ್ತೆ," ಎಂದ ಯೊಂದೊನ್. "ಕೊಡೋಕೆ ಅದಕ್ಕೆ ಕೈ ಬೇಕಲ್ಲ."

ಉರ್ನಾ ತಂಬಿಗೆ ಒಳಗಿಟ್ಟು ಬಂದಳು. ಸಂಜೆ ಅದು ಹಿಂದಿರುಗುವಾಗ ಖಾಲಿ ಹೋಗುವಂತಿಲ್ಲ. ಹಾಲು ಬಂದ ಪಾತ್ರೆಯನ್ನು ಬರಿದಾಗಿ ಕಳಿಸಿದರೆ ಎರಡೂ ಮನೆಯ ಸಿರಿ ಬರಿದಾಗುತ್ತದೆಂದು ಆ ಕಡೆಯ ನಂಬಿಕೆ. ಹಾಗಾಗಿ ಅದರಲ್ಲಿ ಒಂದು ದಿನ ಸಕ್ಕರೆ ಗಟ್ಟಿ, ಒಂದು ದಿನ ಸೇಬು, ಏನೂ ಇಲ್ಲದ ದಿನ ಒಂದು ಚಿಟಿಕೆ ಚಹಾ ಎಲೆ ಹೋಗುತ್ತಿತ್ತು.

"ಚಳಿಗಾಲದ ಜಾಗ ಬದಲಾಯಿಸ್ತಿದ್ದೀರಂತೆ," ಎಂದಳು. ನಿನ್ನೆ ಚೋಯ್ಗ್‌ದೊನ್ ಹೇಳಿದಾಗಿನಿಂದ ಅದನ್ನು ಕೇಳಬೇಕೆಂದು ಕಾದಿದ್ದಳು.

"ನಾಳೆ ಹೊರಡ್ತೀವಿ. ಉತ್ತರದ ಕಣಿವೆಗೆ."

"ನಾನು ಹೇಳಿದ್ದಕ್ಕಾ?"

ಅವನು ಕುದುರೆಯ ಕೊರಳಿನ ಮೇಲಿನ ಹಿಮವನ್ನು ಅಂಗೈಯಿಂದ ಒರೆಸಿದ. "ಬೇಲಿ ಬಂದ್ಮೇಲೆ ಕುರಿಗಳಿಗೆ ಗಾಳಿಗೆ ಮರೆಯಾಗೋ ಗೋಡೆ ಎಲ್ಲಿಂದ ಬರುತ್ತೆ, ಟೀಚರ್?"

ಅಷ್ಟು ಹೇಳಿ ಹತ್ತಿ ಹೋದ. ಇಷ್ಟು ವರ್ಷಗಳಲ್ಲಿ ಉಪ್ಪುಚಹಾದ ಒಂದು ಬಟ್ಟಲು ಕುಡಿಯದೆ ಅವನು ಹೋದದ್ದಿಲ್ಲ. ಅವನಿಗಾಗಿ ಬಗ್ಗಿಸಿಟ್ಟ ಬಟ್ಟಲು ಉರ್ನಾಳ ಕೈಯಲ್ಲೇ ಆರಿತು. ಸಿಟ್ಟು ಬಂದಿದೆ, ಬರಬೇಕಾದದ್ದೇ ಎಂದುಕೊಂಡಳು. ವಾದಿಸಲು ಯಾರೂ ಇರಲಿಲ್ಲ; ಇದ್ದರೂ ಅವಳಿಗೆ ಶಕ್ತಿ ಇರಲಿಲ್ಲ.

ಆ ಊರಿಗೆ ಹೆಸರು ಉಳಿದಿಲ್ಲ. ಸುತ್ತಿನವರು 'ಹಳೇ ಗೋಡೆ' ಎನ್ನುತ್ತಾರೆ. ಏಳೆಂಟು ನೂರು ವರ್ಷಗಳ ಹಿಂದೆ, ಖಾನರ ಕಾಲದಲ್ಲಿ, ಹಲಗೆಗಳ ನಡುವೆ ಮಣ್ಣು ಸುರಿದು ಪದರ ಪದರವಾಗಿ ಕುಟ್ಟಿ ಎತ್ತಿದ ಗೋಡೆ ಅದು. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ನಡುವೆ ಕೂಡುವ ಎರಡು ಬೀದಿ. ಗೋಡೆ ಖಾನನಿಗಾಗಿ ಕಟ್ಟಿದ್ದಲ್ಲ. ಅವನು ಹೊರಗೆ ಬಯಲಿನಲ್ಲಿ ತನ್ನ ಬಿಚ್ಚಿ ಒಯ್ಯುವ ದುಂಡು ಉಣ್ಣೆಮನೆಯಾದ ಗೆರ್‌ನಲ್ಲೇ ಇರುತ್ತಿದ್ದ. ಹುಲ್ಲು ಎಲ್ಲಿಗೋ ಅವನೂ ಅಲ್ಲಿಗೆ. ಗೋಡೆಯೊಳಗೆ ಇದ್ದವರು ಎದ್ದು ಹೋಗಲಾರದವರು. ಗೆದ್ದ ನಾಡುಗಳಿಂದ ಕರೆತಂದ ಕುಂಬಾರರು, ಕಮ್ಮಾರರು, ಹಸಿರು ಹೆಂಚು ಸುಡುವವರು. ನೆಲದಡಿ ಹೊಗೆ ಹರಿಸಿ ಮಲಗುವ ಜಗುಲಿಯನ್ನು ಬೆಚ್ಚಗೆ ಮಾಡಿಕೊಂಡು, ತಮ್ಮದಲ್ಲದ ಚಳಿಯಲ್ಲಿ ಬಾಳಿದವರು.

ಅವರ ಮನೆಗಳನ್ನು ಮಣ್ಣಿನಿಂದ ಬಿಡಿಸುತ್ತ ಬಿಡಿಸುತ್ತ ಉರ್ನಾಳಿಗೆ ತನ್ನ ಮನೆಯೇ ನೆನಪಾಗುತ್ತಿತ್ತು. ರಾಜಧಾನಿಯಲ್ಲಿ ಒಂಬತ್ತನೇ ಮಹಡಿ, ಕಲ್ಲಿದ್ದಲ ಹೊಗೆ ನುಗ್ಗುವ ಕಿಟಕಿ. ಕೊರಿಯಾಕ್ಕೆ ದುಡಿಯಲು ಹೋದ ಗಂಡ ಅಲ್ಲೇ ಇನ್ನೊಂದು ಮನೆ ಮಾಡಿಕೊಂಡಿದ್ದ. ಅದಾಗಿ ಎಷ್ಟೋ ಕಾಲವಾಗಿ, ದುಃಖವೂ ಹಳೆಯ ಪೀಠೋಪಕರಣದ ಹಾಗೆ ಮೂಲೆ ಸೇರಿತ್ತು.

ಚಳಿಗಾಲವೆಲ್ಲ ಆ ಕಿಟಕಿಯ ಕಟ್ಟೆಯ ಮೇಲೆ ಒಂದು ಕಲ್ಲಿರುತ್ತಿತ್ತು.

ಇಲ್ಲಿ ಅಗೆಯಲು ಬಂದ ಮೊದಲ ಬೇಸಿಗೆಯಲ್ಲಿ ಗಾಳಿ ಎದ್ದು ಅವರ ಅಡುಗೆ ಡೇರೆಯನ್ನು ಕಿತ್ತುಕೊಂಡು ಹೋಗಿತ್ತು. ಒಲೆ ಮಗುಚಿತ್ತು. ಆಗ ಯೊಂದೊನ್ ಎಂಬ ಅಪರಿಚಿತ, ಹೆಂಡತಿ ತೀರಿಕೊಂಡು ವರ್ಷ ಕಳೆದಿರದ ಮನುಷ್ಯ, ಮೋಟಾರ್ ಬೈಕಿನಲ್ಲಿ ಮೂರು ಕಪ್ಪುಕಲ್ಲು ಹೊತ್ತು ತಂದು ಇಳಿಸಿದ್ದ. ಅವು ಅವನ ಮನೆಯ ಒಲೆಗುಂಡುಗಳು. ಈಗ ಎಲ್ಲರ ಮನೆಯಲ್ಲೂ ಕಬ್ಬಿಣದ ಒಲೆ, ನಿಜ. ಆದರೂ ಹಳೆಯ ಮೂರು ಗುಂಡುಗಳನ್ನು ಯಾರೂ ಎಸೆಯುವುದಿಲ್ಲ. ವರ್ಷದ ಕೊನೆಗೆ ಬೆಂಕಿಯ ಪೂಜೆಯ ದಿನ ಅವಕ್ಕೆ ಬೆಣ್ಣೆ ಸವರುತ್ತಾರೆ. ಅಂಥದ್ದನ್ನು ಹೊರಗೆ ಕೊಡುವುದಿಲ್ಲ. ಆದರೆ ಬಾಗಿಲಲ್ಲಿ ಬೆಂಕಿಯಿಲ್ಲದೆ ನಿಂತವರಿಗೆ ಇಲ್ಲ ಎನ್ನುವುದು ಅದಕ್ಕಿಂತ ದೊಡ್ಡ ಪಾಪ ಎಂದು ಅವನು ತಿಳಿದಿರಬೇಕು.

ಹೊರಡುವ ಹೊತ್ತಿಗೆ ಎರಡು ಗುಂಡು ಹಿಂದಿರುಗಿದವು. ಮೂರನೆಯದು, ಮಸಿ ಹಿಡಿದದ್ದನ್ನೆಲ್ಲ ಹಳೆಯದೆಂದು ನಂಬುವ ವಿದ್ಯಾರ್ಥಿಗಳ ಕೈಗೆ ಸಿಕ್ಕಿ, ಚೀಟಿ ಅಂಟಿಸಿಕೊಂಡು, ಖಾನರ ಕಾಲದ ಹೆಂಚು ಮೂಳೆಗಳ ಪೆಟ್ಟಿಗೆ ಸೇರಿ ಪಟ್ಟಣಕ್ಕೆ ಹೋಯಿತು. ಪೆಟ್ಟಿಗೆ ಬಿಚ್ಚಿದ ದಿನ ಉರ್ನಾ ಅದನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು. ಬೆಣ್ಣೆಯ ವಾಸನೆ. ಏಳುನೂರು ವರ್ಷದ ಬೆಣ್ಣೆಯಲ್ಲ, ಹೋದ ಚಳಿಗಾಲದ್ದು.

ಮುಂದಿನ ಬೇಸಿಗೆ ಅದನ್ನು ಹಿಂದಿರುಗಿಸಲೆಂದೇ ತಂದಳು. ಇಂದು ಕೊಡುತ್ತೇನೆ, ನಾಳೆ ಕೊಡುತ್ತೇನೆ ಎನ್ನುತ್ತ ಶರತ್ಕಾಲ ಬಂತು. ಕಲ್ಲು ಅವಳ ಜೊತೆ ಪಟ್ಟಣಕ್ಕೆ ಮರಳಿತು. ಅದರ ಮುಂದಿನ ಬೇಸಿಗೆಯೂ ಹಾಗೇ. ಪ್ರತಿ ವರ್ಷ ತರುವುದು, ಪ್ರತಿ ವರ್ಷ ಒಯ್ಯುವುದು. ಯಾಕೆಂದು ತನ್ನನ್ನು ತಾನು ಕೇಳಿಕೊಳ್ಳುವಷ್ಟು ಧೈರ್ಯ ಅವಳಿಗಿರಲಿಲ್ಲ. ಕೆಲವು ಪ್ರಶ್ನೆಗಳನ್ನು ಕೇಳಿದರೆ ಉತ್ತರ ಬಂದುಬಿಡುತ್ತದೆ.

ಈಗಲೂ ಅದು ಡೇರೆಯೊಳಗೆ, ಅವಳ ಚೀಲದಲ್ಲಿ, ಸ್ವೆಟರಿನಲ್ಲಿ ಸುತ್ತಿಕೊಂಡು ಮಲಗಿತ್ತು. ನಾಳೆ ಅವರು ಹೊರಟರೆ ಕೊಡಲು ಬಾಗಿಲೂ ಇಲ್ಲ, ಬರಲು ನೆಪವೂ ಇಲ್ಲ.

ಮಧ್ಯಾಹ್ನದ ಹೊತ್ತಿಗೆ, ಮುಚ್ಚುವ ಮೊದಲು ಕೊನೆಯ ಗುಂಡಿಯ ಅಂಚು ಸರಿಮಾಡುತ್ತಿದ್ದ ವಿದ್ಯಾರ್ಥಿಗಳು ಅವಳನ್ನು ಕೂಗಿದರು. ಹೊಗೆ ಹರಿಯುವ ಜಗುಲಿಯ ಮನೆಯೊಂದನ್ನು ಅವರು ಮೊದಲೇ ಬಿಡಿಸಿದ್ದರು. ಈಗ ಅದರ ಅಂಗಳದಲ್ಲಿ ಕಾಲಿನಿಂದ ತುಳಿದು ಗಟ್ಟಿಯಾದ ದುಂಡು ನೆಲ ಎದ್ದಿತ್ತು. ಗೆರ್ ನಿಂತಿದ್ದ ಗುರುತು. ನಡುವೆ ಬೂದಿ, ಬೂದಿಯ ಸುತ್ತ ಮೂರು ಕಲ್ಲು. ಒಂದೇ ಅಂಗಳದಲ್ಲಿ ಇಟ್ಟಿಗೆಯ ಮನೆ, ಉಣ್ಣೆಯ ಮನೆ. ಯಾರೋ ಒಬ್ಬ ಕದಲಲಾರದವನು, ಯಾರೋ ಒಬ್ಬಳು ಕದಲದೆ ಇರಲಾರದವಳು, ಅಥವಾ ತಿರುಗುಮುರುಗು; ಇಬ್ಬರೂ ಒಂದೇ ಬಾಗಿಲಿನಿಂದ ನೀರು ತರುತ್ತಿದ್ದರು. ಹುಡುಗರು ಕುಣಿದರು. ಉರ್ನಾ ಗುಂಡಿಯ ಅಂಚಿನಲ್ಲಿ ಕೂತುಬಿಟ್ಟಳು.

ಸುದ್ದಿ ಕೇಳಿ ಯೊಂದೊನನ ತಾಯಿ ಸೆವ್ಜಿದ್ ಅಜ್ಜಿ ಬಂದಳು. ಎಂಬತ್ತರ ಹತ್ತಿರದ ಮುದುಕಿ. ಬೆಳಗೆದ್ದು ನಾಲ್ಕು ದಿಕ್ಕಿಗೆ ಹಾಲು ಚಿಮುಕಿಸಿದ ಮೇಲೆಯೇ ಬಾಯಿಗೆ ನೀರು ಮುಟ್ಟಿಸುವವಳು. ಗುಂಡಿಯೊಳಗೆ ಇಳಿಯಲಿಲ್ಲ. ಬೆಂಕಿಯಿದ್ದ ಜಾಗವಲ್ಲವೇ, ಬಲಗಡೆಯಿಂದ ಒಂದು ಸುತ್ತು ಬಂದು ಕೈ ಮುಗಿದಳು. ಕಲ್ಲು ಬಿಟ್ಟು ಹೋಗಿದ್ದಾರೆಂದರೆ ಮರಳಿ ಬರುವ ಮನಸ್ಸಿತ್ತು, ಪಾಪ, ಬರಲಾಗಲಿಲ್ಲ ಎಂದು, ನಿನ್ನೆ ಮೊನ್ನೆ ಹೋದ ನೆರೆಯವರ ಬಗ್ಗೆ ಹೇಳುವಂತೆ ಹೇಳಿದಳು. ಇದನ್ನೂ ಪಟ್ಟಣಕ್ಕೆ ಒಯ್ಯುತ್ತೀರಾ ಎಂದು ಕೇಳಿದಳು.

ಇಲ್ಲ ಎಂದಳು ಉರ್ನಾ. ಚಿತ್ರ ಬರೆದುಕೊಂಡು, ಫೋಟೋ ತೆಗೆದು, ಇದ್ದ ಹಾಗೇ ಮುಚ್ಚುತ್ತೇವೆ.

"ಒಳ್ಳೇದು. ಒಲೆ ಇದ್ದಲ್ಲೇ ಇರ್ಲಿ." ಅಜ್ಜಿ ಅವಳ ಮುಖವನ್ನು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. "ನನ್ನ ಮಗ ಎಲ್ಲಿ?"

"ಅವರು ಗೋಡೆ ಆಚೆ ಇದ್ದಾರೆ, ಅಜ್ಜಿ. ಆಗಲೇ ಬಂದು ಅಲ್ಲಿನ ಗುಂಡಿಗಳಿಗೆ ಮಣ್ಣು ತುಂಬ್ತಿದ್ದಾರೆ."

"ಯಾರು?"

"ಅವರು."

ಅಜ್ಜಿ, ಪಕ್ಕದಲ್ಲೇ ವ್ಯಾನಿಗೆ ಪೆಟ್ಟಿಗೆ ಏರಿಸುತ್ತಿದ್ದ ಚೋಯ್ಗ್‌ದೊನ್ ಕಡೆ ತಿರುಗಿದಳು. "ಕೇಳಿದ್ಯೇನಪ್ಪಾ? ಎಷ್ಟೋ ವರ್ಷ ಆಯ್ತು, ಇವಳ ಬಾಯಲ್ಲಿ ನನ್ನ ಮಗನ ಹೆಸರು ಕೇಳಿ. ನಾನೂ ಗಂಡನ ಹೆಸರು ಹೇಳಿದವಳಲ್ಲ, ಬಿಡು. ಆದ್ರೆ ನನಗೆ ಮದುವೆ ಆಗಿತ್ತು."

ಚೋಯ್ಗ್‌ದೊನ್ ನಗು ಅಡಗಿಸಲು ವ್ಯಾನಿನ ಕೆಳಗೆ ನುಗ್ಗಿದ. ಉರ್ನಾ ಟೋಪಿಯನ್ನು ಹಣೆಯ ಮೇಲೆ ಎಳೆದುಕೊಂಡಳು. ಆ ಬಯಲಿನಲ್ಲಿ ಬಚ್ಚಿಟ್ಟುಕೊಳ್ಳಲು ಮರವಿಲ್ಲ, ಪೊದೆಯಿಲ್ಲ. ಮೇಲಿರುವ ನೀಲಿ ಆಕಾಶ ಎಲ್ಲವನ್ನೂ ನೋಡುತ್ತದೆ. ಅದು ಯಾರಿಗೂ ಹೇಳುವುದಿಲ್ಲವೆಂಬುದೊಂದೇ ಸಮಾಧಾನ. ಮುದುಕಿಯರು ಹೇಳುತ್ತಾರೆ.

ಬಿಸಿಲು ಇಳಿಯುವ ಹೊತ್ತಿಗೆ ಆ ಅಂಗಳವನ್ನು ಮುಚ್ಚಲು ಉರ್ನಾ, ಯೊಂದೊನ್ ಇಬ್ಬರೇ ಉಳಿದರು. ಉಳಿದವರು ಸಾಮಾನು ಕಟ್ಟುತ್ತಿದ್ದರು. ಯೊಂದೊನ್ ಮಣ್ಣು ತುಂಬುವುದನ್ನು ನೋಡಬೇಕು. ಕುದುರೆ ಕಟ್ಟುವ ಗೂಟ ಕಿತ್ತರೂ ಅದರ ತೂತು ಮುಚ್ಚಿಯೇ ಮುಂದಕ್ಕೆ ಹೋಗುವ ಜನ ಅವರು. ನೆಲದಲ್ಲಿ ಗಾಯ ಬಿಟ್ಟು ಹೋಗಬಾರದು. ಮೂರು ಕಲ್ಲಿನ ಮೇಲೆ ಅವನು ಸಲಿಕೆಯಿಂದ ಮಣ್ಣು ಎಸೆಯಲಿಲ್ಲ. ಕೂತು, ಕೈಯಿಂದ, ಮಲಗಿದವರಿಗೆ ಹೊದಿಸುವಂತೆ ಹಾಕಿದ.

"ಸಿಟ್ಟಾಗಿದ್ದೀರಾ?" ಎಂದಳು ಉರ್ನಾ.

"ಯಾರ ಮೇಲೆ?"

"ಬೆಳಗ್ಗೆ ಚಹಾ ಕುಡೀದೆ ಹೋದ್ರಿ."

ಅವನು ಕೈಯಲ್ಲಿನ ಮಣ್ಣನ್ನು ಕಲ್ಲಿನ ಮೇಲೆ ಉದುರಿಸಿದ. "ಕೊನೇ ಬಟ್ಟಲು ಅನ್ನಿಸ್ತು. ಕುಡಿದ್ರೆ ಮುಗಿದುಹೋಗುತ್ತೆ ಅಂತ ಬಿಟ್ಟು ಹೋದೆ." ಆಮೇಲೆ, "ಬೇಲಿ ವಿಷಯ ನೀವು ಹೇಳಿದ್ದು ಸರಿ. ನಮ್ಮಪ್ಪನ ಕಾಲದಲ್ಲಿ ಕುದುರೆ ಮೇಲೆ ಕೂತ್ರೂ ಗೋಡೆ ಆಚೆ ಕಾಣ್ತಿರಲಿಲ್ಲ. ಈಗ ನೋಡಿ, ನಿಂತ್ರೆ ಕಾಣುತ್ತೆ. ತಿಂದದ್ದು ನಮ್ಮ ಕುರಿಗಳೇ."

ಉರ್ನಾ ಸಲಿಕೆ ಕೆಳಗಿಟ್ಟಳು. "ನಿಮ್ಮದೊಂದು ವಸ್ತು ನನ್ನ ಹತ್ರ ಇದೆ," ಎಂದಳು.

"ಗೊತ್ತು."

"ಯಾವಾಗಿಂದ?"

"ಮೊದಲನೇ ವರ್ಷದಿಂದ. ಮೂರು ಕೊಟ್ಟೆ, ಎರಡು ಬಂತು. ಇಡೀ ಮಂದೆ ಎಣಿಸೋನಿಗೆ ಮೂರು ಕಲ್ಲು ಎಣಿಸೋಕೆ ಬರಲ್ವಾ, ಟೀಚರ್?"

"ಮತ್ತೆ ಕೇಳಲಿಲ್ಲ ಯಾಕೆ?"

"ಕೇಳಿದ್ರೆ ಕೊಟ್ಟುಬಿಡ್ತಿದ್ರಿ."

ಗಾಳಿ ಇನ್ನೂ ಎದ್ದಿರಲಿಲ್ಲ. ದೂರದಲ್ಲಿ ಯಾರೋ ಮರಿಗಳನ್ನು ಕರೆಯುವ ದನಿ ಹತ್ತಿರದಲ್ಲೇ ಇದ್ದಂತೆ ಕೇಳಿತು. ಯೊಂದೊನ್ ಮಣ್ಣನ್ನು ಅಂಗೈಯಿಂದ ಸವರಿ ಸಮ ಮಾಡಿದ. ಮೇಲೆ ನೋಡದೆಯೇ ಹೇಳಿದ, "ಒಬ್ಬರ ಮನೆ ಒಲೆಗುಂಡು ಒಯ್ದವರು ಮತ್ತೆ ಬರದೆ ಇರೋಕಾಗಲ್ಲ ಅಂತ ಒಂದು ಧೈರ್ಯ. ಪ್ರತಿ ಚಳಿಗಾಲ ಆ ಧೈರ್ಯದ ಮೇಲೇ ಕಳೆದೆ."

ಉರ್ನಾಳಿಗೆ ನಗು ಬಂತು, ಕಣ್ಣೂ ತುಂಬಿತು. ಎರಡಕ್ಕೂ ಅವಳಲ್ಲಿ ಬೇರೆ ಬೇರೆ ಶಕ್ತಿ ಇರಲಿಲ್ಲ. "ನಾನೂ ಅದಕ್ಕೇ ಕೊಡಲಿಲ್ಲ. ಪ್ರತಿ ವರ್ಷ ತಂದೆ, ಪ್ರತಿ ವರ್ಷ ಹೊತ್ತುಕೊಂಡು ಹೋದೆ. ಬೆನ್ನುನೋವು ಯಾಕೆ ಬಂತು ಅಂತ ಡಾಕ್ಟರ್ ಕೇಳಿದ್ರು. ಏನು ಹೇಳೋದು?"

ಈಗ ಅವನು ಮುಖವೆತ್ತಿ ನೋಡಿದ. ಹಾಲನ್ನಲ್ಲ, ಬೆನ್ನನ್ನಲ್ಲ, ಅವಳ ಮುಖವನ್ನೇ. ಬಿಸಿಲಿಗೆ ಬಿರಿದ ಅವನ ಕಣ್ಣಂಚುಗಳಲ್ಲಿ ನಗುವಿನ ಗೆರೆಗಳು ಮೊದಲೇ ಇದ್ದವು, ನಗು ಮಾತ್ರ ಬಹಳ ದಿನಗಳ ಮೇಲೆ ಬಂತು.

"ಈಗ ತಂದುಕೊಡಲಾ?" ಎಂದಳು.

"ನನ್ನ ಕೈಗೆ ಬೇಡ." ಅವನ ನಗು ನಿಂತಿತು. "ನನಗೆ ಕೊಟ್ರೆ ಸಾಲ ತೀರಿಸಿದ ಹಾಗಾಗುತ್ತೆ ಅಷ್ಟೇ. ಬೆಂಕಿ ಅಮ್ಮಂದು. ಕೊಡೋದಾದ್ರೆ ಅಮ್ಮನ ಕೈಗೆ ಕೊಡಿ. ಇಲ್ಲ ಅಂದ್ರೆ ಇಟ್ಕೊಳ್ಳಿ. ನಾನು ಯಾವತ್ತೂ ಕೇಳಲ್ಲ."

ಒಲೆಗುಂಡನ್ನು ಹೆಣ್ಣೊಬ್ಬಳು ಒಂದು ಮನೆಯ ತಾಯಿಯ ಕೈಗೆ ಕೊಡುವುದೆಂದರೆ ಆ ಒಲೆಗೆ ಸೊಸೆಯಾಗಿ ಸೇರಿದ ಹಾಗೆ; ಅದನ್ನು ಆ ಬಯಲಿನಲ್ಲಿ ಯಾರೂ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಉರ್ನಾ ಮಣ್ಣಿನ ಮೇಲೆ ಕೂತಳು. ಕೆಳಗೆ ಯಾವ ಕಾಲದವರೋ ಬಿಟ್ಟು ಹೋದ ಮೂರು ಕಲ್ಲುಗಳಿದ್ದವು.

"ನನಗೆ ಸುಸ್ತಾಗಿದೆ," ಎಂದಳು. "ಹೊಸದಾಗಿ ಏನೂ ಶುರು ಮಾಡೋಕೆ ಆಗಲ್ಲ ಅನ್ಸುತ್ತೆ. ಚಳಿಗಾಲಕ್ಕೆ ಪಟ್ಟಣದಲ್ಲಿ ಪಾಠ ಮಾಡ್ಬೇಕು, ಅದು ಬಿಡೋಕಾಗಲ್ಲ. ನನಗೆ ಹಾಲು ಕರೆಯೋಕೂ ಬರಲ್ಲ."

"ನನಗೂ ಸುಸ್ತಾಗಿದೆ. ಅದಕ್ಕೇ ಜೊತೇಲಿ ಕೂತ್ಕೊಳ್ಳೋಣ ಅಂತಿರೋದು." ಅವನೂ ಪಕ್ಕದಲ್ಲಿ, ನಡುವೆ ಒಂದು ಸಲಿಕೆಯಷ್ಟು ಜಾಗ ಬಿಟ್ಟು ಕೂತ. "ನಾನು ವರ್ಷಕ್ಕೆ ನಾಲ್ಕು ಸಲ ಮನೆ ಎತ್ತೋನು. ನೀವು ಎರಡು ಸಲ ಎತ್ತಿದ್ರೆ ಈ ಸೀಮೇಲಿ ಯಾರೂ ನಗಲ್ಲ. ಹಾಲು ನಾನು ಕರೀತೀನಿ. ಇಷ್ಟು ವರ್ಷ ಕರೆದು ತಂದುಕೊಟ್ಟಿಲ್ವಾ?"

ಅವಳು ಕಾಲಡಿಯ ಮಣ್ಣನ್ನು ಅಂಗೈಯಿಂದ ಸಮ ಮಾಡಿದಳು. ಅವನು ಉತ್ತರಕ್ಕೆ ಕಾಯುತ್ತಿರುವವನಂತೆ ಕಾಣಲಿಲ್ಲ. ಗೋಡೆಯ ನೆರಳು ನಿಧಾನಕ್ಕೆ ಬಂದು ಅವರ ಕಾಲ ಮೇಲೆ ಹಾಯ್ದು, ಬಯಲಿನ ಕಡೆಗೆ ಹೊರಟಿತು.

ಮಾರನೆಯ ಬೆಳಗ್ಗೆ ಹಾಲು ಬರಲಿಲ್ಲ. ಗಾಳಿ ಮರಳಿತ್ತು. ಉರ್ನಾ ನಿನ್ನೆಯ ತಂಬಿಗೆಯನ್ನು ತೊಳೆದು, ಒರೆಸಿ, ಚೀಲ ಬಿಚ್ಚಿದಳು. ವ್ಯಾನಿನ ಇಂಜಿನ್ ಬಿಸಿ ಮಾಡುತ್ತಿದ್ದ ಚೋಯ್ಗ್‌ದೊನ್ ತಂಬಿಗೆಯ ಭಾರಕ್ಕೆ ಒಂದು ಕಡೆ ವಾಲಿದ ಅವಳ ಭುಜ ನೋಡಿದ. ಇಂಜಿನ್ ಆರಿಸಿದ.

ಗೋಡೆಯ ಬೆನ್ನಿಗೆ ಗೆರ್ ಅರ್ಧ ಬಿಚ್ಚಿತ್ತು. ಉಣ್ಣೆಯ ಹೊದಿಕೆ ಸುರುಳಿಯಾಗಿ ಲಾರಿ ಸೇರಿತ್ತು. ಮರದ ಜಾಲರಿ ಮಾತ್ರ ಬೆತ್ತಲೆ ನಿಂತಿತ್ತು. ಯೊಂದೊನ್ ಲಾರಿಯ ಮೇಲೆ ಹಗ್ಗ ಬಿಗಿಯುತ್ತಿದ್ದ. ಅವಳನ್ನು ಕಂಡು ಅವನ ಕೈ ನಿಂತಿತು, ಇಳಿದು ಬರಲಿಲ್ಲ.

ಆ ನಾಡಿನಲ್ಲಿ ಪರಸ್ಥಳದವರು ಬಾಗಿಲು ತಟ್ಟುವುದಿಲ್ಲ. ನಾಯಿ ಹಿಡ್ಕೊಳ್ಳಿ ಎಂದು ದೂರದಿಂದಲೇ ಕೂಗಿ ಬರುತ್ತಾರೆ. ನಾಯಿ ಎಷ್ಟೇ ಪರಿಚಯವಿದ್ದರೂ ಸರಿ, ಉರ್ನಾ ಇಷ್ಟು ವರ್ಷವೂ ಹಾಗೆ ಕೂಗಿಯೇ ಬಂದವಳು. ಇಂದು ಕೂಗಲಿಲ್ಲ. ದೊಡ್ಡ ಕರಿನಾಯಿ ತಲೆಯೆತ್ತಿ, ಅವಳ ಬೂಟು ಮೂಸಿ, ಮತ್ತೆ ಮುಂಗಾಲಿನ ಮೇಲೆ ತಲೆಯಿಟ್ಟು ಮಲಗಿತು.

ಸೆವ್ಜಿದ್ ಅಜ್ಜಿ ಜಾಲರಿಯೊಳಗೆ, ಒಲೆಯಿದ್ದ ಜಾಗದ ಮುಂದೆ, ಒಂದು ಪೆಟ್ಟಿಗೆಯ ಮೇಲೆ ಕೂತಿದ್ದಳು. ಬೂದಿ ಇನ್ನೂ ಬೆಚ್ಚಗಿತ್ತು. ಪಕ್ಕದಲ್ಲಿ ಹಾಸಿದ ಉಣ್ಣೆಯ ತುಂಡಿನ ಮೇಲೆ ಎರಡು ಕಪ್ಪುಗುಂಡುಗಳು ಪ್ರಯಾಣಕ್ಕೆ ಸಿದ್ಧವಾಗಿ ಕೂತಿದ್ದವು. ತುಂಡನ್ನು ಅವಳು ಇನ್ನೂ ಕಟ್ಟಿರಲಿಲ್ಲ. ಎರಡಕ್ಕೆ ಸಾಕಾಗುವುದಕ್ಕಿಂತ ದೊಡ್ಡದು ಅದು.

ಉರ್ನಾ ಹೊಸಿಲ ಮರವನ್ನು ತುಳಿಯದೆ ದಾಟಿ ಒಳಗೆ ಬಂದಳು. ನೋಯುವ ಮೊಣಕಾಲನ್ನು ನೆಲಕ್ಕೂರಿದಳು.

"ಪಾತ್ರೆ ಖಾಲಿ ತರಬಾರದಲ್ಲ, ಅಮ್ಮ," ಎಂದಳು. ಅಜ್ಜಿ ಎನ್ನಲಿಲ್ಲ.

ತಂಬಿಗೆಯಿಂದ ಕಲ್ಲನ್ನು ತೆಗೆದು, ಬಲಗೈಯ ಮೇಲಿಟ್ಟು, ಎಡಗೈಯನ್ನು ಮೊಣಕೈಗೆ ಆಸರೆ ಕೊಟ್ಟು ಮುಂದೆ ಹಿಡಿದಳು. ಮುದುಕಿ ಎರಡೂ ಕೈಯಲ್ಲಿ ತೆಗೆದುಕೊಂಡು, ಊರಿಗೆ ಬಂದ ಮಗುವಿನ ನೆತ್ತಿ ಮೂಸುವ ಹಾಗೆ ಅದನ್ನು ಒಮ್ಮೆ ಮೂಸಿ, ಎರಡರ ಪಕ್ಕದಲ್ಲಿ ಇಟ್ಟಳು.